ಸಂಪಾದಕರ ಉತ್ತರ: ಶಿಲುಬೆಯ ಮೇಲಿನ ಆ ಹುಣ್ಣುಗಳು

ಪ್ರಿಯ ಓದುಗರೇ,

ಧಾರವಾಡದಿಂದ ನೀವು ಬರೆದ ಪತ್ರ ತಲುಪಿತು. ಕಳೆದ ಸಂಚಿಕೆಯಲ್ಲಿ ನಾವು ಹಾಕಿದ್ದ, ಜರ್ಮನ್ ಕಲಾವಿದ ಗ್ರೂನೆವಾಲ್ಡ್ ಬರೆದ ಶಿಲುಬೆಯ ಮೇಲಿನ ಯೇಸುವಿನ ಚಿತ್ರ ನಿಮ್ಮನ್ನು ಕಲಕಿಬಿಟ್ಟಿದೆ. 'ಮೈತುಂಬ ಹುಣ್ಣು, ಸೆಟೆದ ಬೆರಳು, ಹಸಿರುಗಟ್ಟಿದ ಚರ್ಮ. ದೇವರ ಚಿತ್ರ ನೋಡಿದರೆ ಮನಸ್ಸಿಗೆ ಸಮಾಧಾನ ಆಗಬೇಕಲ್ವಾ? ನಾನು ಕ್ರೈಸ್ತಳಲ್ಲ. ಇದನ್ನು ಹೇಗೆ ಮೆಚ್ಚಲಿ?' ಎಂದು ಕೇಳಿದ್ದೀರಿ. ಪತ್ರದಲ್ಲಿ ಸಿಟ್ಟಿದೆ, ಒಳ್ಳೆಯ ಪ್ರಶ್ನೆಯೂ ಇದೆ. ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ.

ಮೊದಲು, ಆ ಚಿತ್ರ ಯಾರ ಕಣ್ಣಿಗಾಗಿ ಮಾಡಿದ್ದು ಎಂದು ನೋಡೋಣ. ಈಗ ಅದು ಫ್ರಾನ್ಸಿನ ಕೋಲ್ಮಾರ್ ಊರಿನ ಉಂಟರ್‌ಲಿಂಡನ್ ಮ್ಯೂಸಿಯಂನಲ್ಲಿದೆ. ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಅದನ್ನು ಬರೆದದ್ದು ಹತ್ತಿರದ ಈಸೆನ್‌ಹೈಮ್ ಊರಿನ ಮಠಕ್ಕೆ. ಅದು ಸಂತ ಅಂತೋಣಿಯ ಹೆಸರಿನ ಸಂನ್ಯಾಸಿಗಳ ಮಠ. (ನಮ್ಮ ಕಡೆ ಹೆಚ್ಚು ಹೆಸರಾದ ಪಾದುವಾದ ಅಂತೋಣಿ ಅಲ್ಲ. ಇವರು ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದವರು.) ಆ ಸಂನ್ಯಾಸಿಗಳ ಮುಖ್ಯ ಕೆಲಸ ರೋಗಿಗಳ ಆರೈಕೆ. ಅಲ್ಲಿಗೆ ಬರುತ್ತಿದ್ದವರಿಗೆ ಇದ್ದದ್ದು 'ಸಂತ ಅಂತೋಣಿಯ ಬೆಂಕಿ' ಎಂದು ಜನ ಕರೆಯುತ್ತಿದ್ದ ಕಾಯಿಲೆ. ರೈ ಎಂಬ ಧಾನ್ಯದ ತೆನೆಗೆ ಒಂದು ಬಗೆಯ ಬೂಷ್ಟು ಹಿಡಿಯುತ್ತದೆ. ಆ ಹಿಟ್ಟಿನ ರೊಟ್ಟಿ ತಿಂದವರಿಗೆ ಕೈಕಾಲು ಬೆಂಕಿ ಬಿದ್ದ ಹಾಗೆ ಉರಿಯುತ್ತಿತ್ತು. ಆಮೇಲೆ ಬೆರಳು, ಪಾದ ಕಪ್ಪಾಗಿ ಕೊಳೆಯುತ್ತಿದ್ದವು. ಎಷ್ಟೋ ಜನರ ಕೈಕಾಲು ಕತ್ತರಿಸಬೇಕಾಗುತ್ತಿತ್ತು. ನಿಮ್ಮ ಸೀಮೆಯಲ್ಲಿ ಸಜ್ಜೆ, ಜೋಳದ ತೆನೆಗೆ ಬರುವ ಅರ್ಗಟ್ ರೋಗಕ್ಕೂ ಇದೇ ಕುಲದ ಬೂಷ್ಟೇ ಕಾರಣ. ಆಗಿನವರಿಗೆ ಕಾರಣ ಗೊತ್ತಿರಲಿಲ್ಲ. ಮಠದವರು ಒಳ್ಳೆಯ ರೊಟ್ಟಿ ಕೊಡುತ್ತಿದ್ದರು, ಗಿಡಮೂಲಿಕೆಯ ಮುಲಾಮು ಹಚ್ಚುತ್ತಿದ್ದರು. ಮತ್ತೆ, ರೋಗಿಗಳನ್ನು ಈ ಚಿತ್ರದ ಮುಂದೆ ಕರೆತರುತ್ತಿದ್ದರು ಎಂದು ಕಲಾ ಇತಿಹಾಸಕಾರರು ಹೇಳುತ್ತಾರೆ.

ಈಗ ಇನ್ನೊಮ್ಮೆ ನೋಡಿ. ಕೈ ಕೊಳೆತು ನಾರುತ್ತಿರುವ ಒಬ್ಬ ರೈತ. ಮನೆಯವರೂ ಹತ್ತಿರ ಬರಲು ಅಂಜುವ ಸ್ಥಿತಿ. ಅವನು ತಲೆ ಎತ್ತಿದರೆ ಎದುರಿಗೆ ತನಗಿಂತ ಎಷ್ಟೋ ದೊಡ್ಡದಾದ ಯೇಸು. ಚರ್ಮದ ತುಂಬ ತನ್ನವೇ ಅನ್ನಿಸುವ ಹುಣ್ಣುಗಳು. ಸುಂದರ ಮೈಕಟ್ಟಿನ, ಶಾಂತ ಮುಖದ ದೇವರನ್ನು ಆ ರೈತನ ಮುಂದೆ ನಿಲ್ಲಿಸಿದ್ದರೆ ಅವನಿಗೆ ಏನು ಸಿಗುತ್ತಿತ್ತು? ಈ ಚಿತ್ರ ಅವನಿಗೆ, 'ನಿನ್ನ ನೋವು ನನಗೂ ಗೊತ್ತು' ಅನ್ನುತ್ತಿತ್ತು. ನೀವು ಕೇಳಿದ ಸಮಾಧಾನ ಇದೇ. ಕಾಯಿಲೆ ಬಿದ್ದವರಿಗೆ ಬೇಕಾದ ಸಮಾಧಾನ.

ನಮ್ಮ ಪುಟದಲ್ಲಿ ನೀವು ನೋಡಿದ್ದು ಒಂದು ಭಾಗ ಮಾತ್ರ. ಇಡೀ ಕೃತಿ ಮಠದಲ್ಲಿ ಬಾಗಿಲುಗಳಂತೆ ತೆರೆದು ಮುಚ್ಚುತ್ತಿದ್ದ ಮರದ ಹಲಗೆಗಳದ್ದು. ಮುಚ್ಚಿದಾಗ ಕಾಣುತ್ತಿದ್ದದ್ದು ಶಿಲುಬೆ. ಹಬ್ಬದ ದಿನ ತೆರೆದರೆ ಒಳಗೆ ಮಗುವನ್ನು ಎತ್ತಿಕೊಂಡ ಮರಿಯಮ್ಮ, ವಾದ್ಯ ನುಡಿಸುವ ದೇವದೂತರು, ಮತ್ತೆ ಬಲಗಡೆ ಸಮಾಧಿಯಿಂದ ಎದ್ದು ಬರುವ ಯೇಸು. ಆ ಯೇಸುವಿನ ಮೈಮೇಲೆ ಒಂದು ಹುಣ್ಣೂ ಇಲ್ಲ. ಶಿಲುಬೆಯ ಗಾಯಗಳು ಮಾತ್ರ ಉಳಿದಿವೆ, ಅವೂ ಬೆಳಗುತ್ತಿವೆ. ಸುತ್ತ ಕೆಂಪು, ಹಳದಿ ಬೆಳಕಿನ ದೊಡ್ಡ ವೃತ್ತ. ಹುಣ್ಣಿನ ಮೈ ನೋಡಿದವರಿಗೇ ಈ ಮೈ ತೋರಿಸುವುದು. ಗ್ರೂನೆವಾಲ್ಡ್‌ನ ಜಾಣತನ, ಅದಕ್ಕಿಂತ ಹೆಚ್ಚಾಗಿ ಅವನ ಕರುಣೆ, ನನಗೆ ಇಲ್ಲಿ ಕಾಣುತ್ತದೆ. ಇನ್ನೂ ಒಳಗೆ, ಸಂತ ಅಂತೋಣಿಯನ್ನು ಪಿಶಾಚಿಗಳು ಕಾಡುವ ಚಿತ್ರದ ಎಡ ಮೂಲೆಯಲ್ಲಿ ಹೊಟ್ಟೆ ಉಬ್ಬಿದ, ಮೈತುಂಬ ಕೀವು ತುಂಬಿದ ಒಂದು ಜೀವ ಬಿದ್ದಿದೆ. ರೋಗಿ ತನ್ನನ್ನೇ ಅಲ್ಲಿ ಕಂಡಿದ್ದರೆ ಆಶ್ಚರ್ಯವಿಲ್ಲ.

ದೇವರ ಚಿತ್ರ ಅಂದರೆ ಶಾಂತಿ ಎಂಬ ಮಾತಿಗೆ ಬರುತ್ತೇನೆ. ಹಳೇಬೀಡಿನ ಗೋಡೆಯ ಮೇಲೆ ನರಸಿಂಹ ಹಿರಣ್ಯಕಶಿಪುವಿನ ಕರುಳು ಬಗೆಯುತ್ತಾನೆ. ನಾವು ಅದರ ಮುಂದೆ ನಿಂತು ಕೈ ಮುಗಿಯುತ್ತೇವೆ. ಉಗ್ರರೂಪ ನಮಗೆ ಹೊಸದಲ್ಲ. ಆದರೆ ಅಲ್ಲಿ ದೇವರು ಹೊಡೆಯುವವನು, ಇಲ್ಲಿ ಹೊಡೆತ ತಿನ್ನುವವನು. ನಿಮಗೆ ಇರುಸುಮುರುಸಾದದ್ದು ರಕ್ತಕ್ಕಿಂತ ಈ ಕಾರಣಕ್ಕೇ ಜಾಸ್ತಿ ಇರಬಹುದು ಅನ್ನಿಸುತ್ತದೆ.

ಇನ್ನು, ಕ್ರೈಸ್ತರಲ್ಲದವರು ಇದನ್ನು ಮೆಚ್ಚಬಹುದೇ? ಖಂಡಿತ. ನಂಬಿಕೆ ಇರುವವರಿಗೆ ಆಗುವ ಅನುಭವವೇ ನಿಮಗೂ ಆಗಬೇಕೆಂದಿಲ್ಲ. ಆದರೆ ಕತೆ ಗೊತ್ತಿರಬೇಕು, ಸಮಯ ಕೊಡಬೇಕು. ಈ ಚಿತ್ರದಲ್ಲೇ ಬಲಕ್ಕೆ ಒಬ್ಬ ಉದ್ದ ಬೆರಳು ಚಾಚಿ ಯೇಸುವನ್ನು ತೋರಿಸುತ್ತಾನಲ್ಲ, ಅವನು ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನ. ಬೈಬಲ್ ಪ್ರಕಾರ ಆ ಹೊತ್ತಿಗೆ ಅವನು ಸತ್ತು ಹೋಗಿದ್ದ. ಆದರೂ ಕಲಾವಿದ ಅವನನ್ನು ತಂದು ನಿಲ್ಲಿಸಿದ್ದಾನೆ, ನೋಡುವವರ ಕಣ್ಣನ್ನು ಎಲ್ಲಿಗೆ ತಿರುಗಿಸಬೇಕೋ ಅಲ್ಲಿಗೆ ತಿರುಗಿಸಲಿಕ್ಕೆ. ಇದು ಗೊತ್ತಾದರೆ ಆ ಬೆರಳಿನಿಂದ ಕಣ್ಣು ಕೀಳಲು ಆಗುವುದಿಲ್ಲ.

ಕೋಲ್ಮಾರ್ ದೂರ. ಮಂಗಳೂರು ದೂರವಲ್ಲ. ಅಲ್ಲಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಚಾಪೆಲ್ (ಪ್ರಾರ್ಥನಾಮಂದಿರ) ಒಳಗೆ ಇಟಲಿಯ ಯೇಸುಸಭೆಯ (ಜೆಸ್ವಿಟ್) ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಶುರು ಮಾಡಿ ಗೋಡೆ, ಚಾವಣಿಯನ್ನೆಲ್ಲ ಚಿತ್ರಗಳಿಂದ ತುಂಬಿದರು. ಹಸಿ ಗಾರೆಯ ಮೇಲೆ, ಅದು ಒಣಗುವ ಮೊದಲೇ ಬಣ್ಣ ಹಚ್ಚುವ ಫ್ರೆಸ್ಕೊ ಕೆಲಸ ಬಹಳಷ್ಟಿದೆ. ಕ್ಯಾನ್ವಾಸಿನ ಮೇಲೆ ತೈಲಬಣ್ಣದವೂ ಇವೆ. ಇಲ್ಲಿ ನೋಡುವವರು ರೋಗಿಗಳಲ್ಲ, ವಿದ್ಯಾರ್ಥಿಗಳು. ಹಾಗಾಗಿ ಚಾವಣಿಯಲ್ಲಿ ಒಬ್ಬ ಹುಡುಗನ ಕತೆ ಇದೆ. ಸಿರಿವಂತ ಮನೆತನ ಬಿಟ್ಟು ಬಂದು, ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತ ತಾನೂ ಕಾಯಿಲೆ ಬಿದ್ದು, 1591ರಲ್ಲಿ 23ನೇ ವಯಸ್ಸಿಗೆ ತೀರಿಕೊಂಡ ಅಲೋಶಿಯಸ್‌ನ ಕತೆ.

ಬಲಿಪೂಜೆಯ (ಕ್ರೈಸ್ತರ ಸಾಮೂಹಿಕ ಪ್ರಾರ್ಥನೆಯ) ಹೊತ್ತು ತಪ್ಪಿಸಿ ಹೋಗಿ. ಫೋನ್ ಚೀಲದಲ್ಲಿಡಿ. ಬೆಂಚಿನ ಮೇಲೆ ಕೂತು, ಕುತ್ತಿಗೆ ನೋಯುವ ತನಕ ಮೇಲೆ ನೋಡಿ. ಆಮೇಲೆ ಗ್ರೂನೆವಾಲ್ಡ್‌ನ ಪುಟ ಮತ್ತೆ ತೆರೆದು, ಏನನ್ನಿಸಿತು ಬರೆಯಿರಿ. ಆಗಲೂ ಒಪ್ಪದಿದ್ದರೆ ಅದನ್ನೂ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ