ಕೀಟೋ ಮಾಡ್ತಾ ಸಿಂಹಗಡ ಹತ್ತೋ ಕಾಕಾ, ಡಾಕ್ಟರ್‌ಗೆ ಹೇಳದೇ ಇದ್ದದ್ದು

ಗುರುತು ಸಿಗಬಾರದು ಅಂತ ವಯಸ್ಸು, ಕೆಲಸ, ಏರಿಯಾ ಎಲ್ಲಾ ಸ್ವಲ್ಪ ಬದಲಿಸಿದೀನಿ, ಗಂಡ ಹೆಂಡತಿ ಇಬ್ಬರ ಒಪ್ಪಿಗೆನೂ ತಗೊಂಡೇ ಬರೀತಿದೀನಿ. ಕಾಕಾ, ಕಾಕು ಅಂತಲೇ ಕರೀತೀನಿ, ಎದುರಿಗೂ ಹಾಗೇ ಕರೆಯೋದು.

ಮನೇಲಿ ಊಟದ ಜಗಳ ಅಂತ ಹೇಳ್ಕೊಳ್ಳೋಕೆ ಜನ ನನ್ನ ಹತ್ರ ಬರ್ತಾರೆ, ಈ ಮನೆಯಿಂದ ಮೊದಲು ಬಂದಿದ್ದು ಕಾಕು. ಹುಬ್ಬಳ್ಳಿ ಕಡೆಯವರು, ಮದುವೆಯಾಗಿ ಪುಣೆಗೆ ಬಂದು ಕೊಥ್ರೂಡ್‌ನಲ್ಲೇ ಸಂಸಾರ ಮಾಡಿದವರು. "ಮುಂಜಾನೆದ್ದು ಬಿಸಿ ರೊಟ್ಟಿ ಬಡೀತೀನ್ರಿ, ವರ್ಷಾತು, ಮುಟ್ಟಿಲ್ಲ. ಪನೀರ್ ತುಪ್ಪದಾಗ ಹುರಕೊಂಡು ಒಬ್ಬರ ಕುಂತು ತಿಂತಾರ. ಪಂಚಮಿ ಉಂಡಿ ಮಾಡಿದ್ರ ಡಬ್ಬಿ ಕಡೆ ನೋಡೂದಿಲ್ಲ. ಮಾರಿ ಇಳದದ, ಕೈಕಾಲು ಸಣ್ಣಗ್ಯಾವ, ಮ್ಯಾಲೆ ಐತವಾರ ಬಂತಂದ್ರ ಗುಡ್ಡ ಹತ್ತಲಿಕ್ಕೆ ಹೋಗ್ತಾರ." ಸಿಟ್ಟಿಂದ ಶುರುವಾಗಿದ್ದು ಅಳುವಲ್ಲಿ ನಿಂತಿತು. ಗಂಡನ್ನ ಹೆಂಗಾದ್ರೂ ಮಾಡಿ ಊಟಕ್ಕೆ ಕೂರಿಸಿ ಅಂತ ಕೇಳ್ಕೊಂಡ್ರು. ಅದು ನನ್ನ ಕೈಲಿಲ್ಲ ಕಾಕು, ಆದ್ರೆ ಅವರು ಬಂದ್ರೆ ಇಬ್ಬರ ಹತ್ರನೂ ಮಾತಾಡ್ತೀನಿ ಅಂದೆ.

ಕಾಕಾ ಬಂದ್ರು. 58 ವಯಸ್ಸು, ಪಿಂಪ್ರಿ ಕಡೆ ಫ್ಯಾಕ್ಟರಿಲಿ ಇದ್ದು ಈಗ ರಿಟೈರ್. ಹುಡುಗ ಇದ್ದಾಗ ಕಬಡ್ಡಿ, ಆಮೇಲೆ ಓಟ, ಈಗ ದಿನಾ ಬೆಳಿಗ್ಗೆ ಹನುಮಾನ್ ಟೇಕ್ಡಿ ಇಲ್ಲಾ ವೇತಾಳ ಟೇಕ್ಡಿ (ಟೇಕ್ಡಿ ಅಂದ್ರೆ ಗುಡ್ಡ), ಭಾನುವಾರ ಬುಡದ ಊರು ಆತಕರವಾಡಿಯಿಂದ ಸಿಂಹಗಡ ಕೋಟೆ. ಎರಡು ವರ್ಷದ ಹಿಂದೆ ಶುಗರ್ ಪತ್ತೆಯಾಯ್ತು, ಮಾತ್ರೆ ಶುರುವಾಯ್ತು, ಬಿಪಿ ಮಾತ್ರೆ ಮೊದಲಿಂದಲೇ ಇತ್ತು. ಫೋನಲ್ಲಿ ವಿಡಿಯೋ ನೋಡಿ ಕೀಟೋ ಹಿಡಿದ್ರು, ರೊಟ್ಟಿ ಅನ್ನ ಬೇಳೆ ಹಣ್ಣು ಬಂದ್, ದಿನಕ್ಕೆ 50 ಗ್ರಾಂ ಒಳಗೆ ಕಾರ್ಬ್ಸ್ (ಅಂದ್ರೆ ಊಟದಲ್ಲಿರೋ ಪಿಷ್ಟ, ಸಕ್ಕರೆ), ಉಳಿದದ್ದು ತುಪ್ಪ ಪನೀರ್ ಚೀಸ್ ಕೆನೆ ಬಾದಾಮಿ. 81 ಕೆಜಿ ಇದ್ದವರು 70ಕ್ಕೆ ಬಂದ್ರು, ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ HbA1c 8.1 ಇದ್ದದ್ದು 6.3 ಆಯ್ತು. ರಿಪೋರ್ಟ್‌ನೆಲ್ಲಾ ಒಂದು ಫೈಲಲ್ಲಿ ನೀಟಾಗಿ ಇಟ್ಕೊಂಡು ತಂದಿದ್ರು. ಇದು ಸಣ್ಣ ಸಾಧನೆ ಅಲ್ಲ ಕಾಕಾ ಅಂತ ನಾನು ಮೊದಲೇ ಹೇಳಿದೆ, ಯಾಕಂದ್ರೆ ಆ ಮನೆಲಿ ಅದನ್ನ ಯಾರೂ ಅವರಿಗೆ ಹೇಳಿರ್ಲಿಲ್ಲ, ಎಲ್ಲರೂ ಏನು ಬಿಟ್ರು ಅಂತ ನೋಡಿದ್ರೇ ಹೊರತು ಏನು ಗೆದ್ರು ಅಂತ ನೋಡಿರ್ಲಿಲ್ಲ.

ಆದ್ರೆ ಅವರ ಮುಖದಲ್ಲಿ ಖುಷಿ ಇರ್ಲಿಲ್ಲ. ಐದಾರು ತಿಂಗಳಿಂದ ಸಿಂಹಗಡ ಹತ್ತುವಾಗ ಅರ್ಧಕ್ಕೇ ತೊಡೆ ಕೈಕೊಡ್ತಿದೆ, ಮೀನಖಂಡ ಹಿಡ್ಕೊಳ್ಳುತ್ತೆ, ಕೂತು ಎದ್ರೆ ತಲೆ ಗಿರ್ ಅನ್ನುತ್ತೆ, ಗ್ರೂಪಲ್ಲಿ ಇವರಿಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರು ಮೇಲೆ ಹೋಗಿ ಪಿಠ್ಲಾ ಭಾಕ್ರಿ ಆರ್ಡರ್ ಮಾಡಿ ಕಾಯ್ತಿರ್ತಾರೆ, ಇವರು ಕೊನೆಗೆ ತಲುಪಿ ಒಂದು ಕುಡಿಕೆ ಮೊಸರು ತಿಂದು ಇಳೀತಾರೆ. ಅದಕ್ಕೆ ಅವರು ಕಂಡ್ಕೊಂಡ ಪರಿಹಾರ ಅಂದ್ರೆ ಇನ್ನೂ ಬಿಗಿ ಮಾಡೋದು. ಕಾರ್ಬ್ಸ್ 20 ಗ್ರಾಂಗೆ ಇಳಿಸಿ, ಮೇಲೆ ದಿನಾ 16 ತಾಸು ಉಪವಾಸ ಸೇರಿಸಿ, ಖಾಲಿ ಹೊಟ್ಟೇಲೇ ಗಡ ಹತ್ತೋದು. ಆದ್ರೂ ಆಗ್ತಿಲ್ಲ. "ವಯಸ್ಸಾತ್ರಿ, ಮುಗೀತ ನಂದು" ಅಂದ್ರು, ತೀರ್ಪು ಓದಿದ ಹಾಗೆ.

ನಾನು ಡಯಟಿಷಿಯನ್ ಅಲ್ಲ, ಡಾಕ್ಟರ್ ಅಲ್ಲ. ಆದ್ರೆ ಯಾರೇ ಬರಲಿ, ಯಾವ ಮಾತ್ರೆ ತಗೋತೀರಿ ಅಂತ ಕೇಳದೇ ನಾನು ಮುಂದೆ ಹೋಗಲ್ಲ. ಚೀಟಿ ತೆಗೆದು ತೋರಿಸಿದ್ರು, ಅದರಲ್ಲಿ ಡಾಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ಇತ್ತು. ನಿಮ್ಮ ಡಾಕ್ಟರ್‌ಗೆ ಕೀಟೋ ಮಾಡ್ತಿರೋದು ಗೊತ್ತಾ ಅಂದೆ. "ಹೇಳಿಲ್ರಿ. ಹೇಳಿದ್ರ ಬೈತಾರ, ನಿಲ್ಲಸ್ರಿ ಅಂತಾರ."

ಇದನ್ನ ಓದ್ತಿರೋ ಶುಗರ್ ಇರೋರು ಇಲ್ಲಿ ದಯವಿಟ್ಟು ಒಂದು ನಿಮಿಷ ನಿಲ್ಲಬೇಕು. ಹೆಸರಿನ ಕೊನೇಲಿ ಗ್ಲಿಫ್ಲೋಜಿನ್ ಅಂತ ಬರೋ ಮಾತ್ರೆಗಳು ಸಕ್ಕರೆಯನ್ನ ಮೂತ್ರದಲ್ಲಿ ಹೊರಗೆ ಹಾಕ್ತವೆ. ಅದರ ಜೊತೆ ಕಾರ್ಬ್ಸ್ ಪೂರ್ತಿ ಕಮ್ಮಿ ಮಾಡಿ, ಉಪವಾಸ ಮಾಡಿ, ಬೆವರು ಸುರಿಸಿ ಗಡ ಹತ್ತಿದ್ರೆ ದೇಹ ಕೊಬ್ಬು ಸುಡುವಾಗ ಹುಟ್ಟೋ ಕೀಟೋನ್ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಿ ರಕ್ತ ಆಮ್ಲೀಯ ಆಗಬಹುದು, ಕೀಟೋಆಸಿಡೋಸಿಸ್ ಅಂತಾರೆ. ಕೀಟೋ ಡಯಟಲ್ಲಿ ಕೀಟೋನ್ ಸ್ವಲ್ಪ ಏರೋ ಮಾಮೂಲಿ ಕೀಟೋಸಿಸ್ ಬೇರೆ, ಇದು ಬೇರೆ, ಇದು ಜೀವಕ್ಕೇ ಬರೋದು. ಇದರಲ್ಲಿ ದೊಡ್ಡ ಮೋಸ ಏನಂದ್ರೆ ಗ್ಲುಕೋಮೀಟರಲ್ಲಿ ಶುಗರ್ ಅಷ್ಟೇನೂ ಜಾಸ್ತಿ ತೋರಿಸದೇ ಇರಬಹುದು, ಹಾಗಾಗಿ ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಬಂದ್ರೂ ಜನ ಆಸಿಡಿಟಿ ಅಂತ ಮಲ್ಕೊಂಡುಬಿಡ್ತಾರೆ. ಹಂಗೆ ಆದ್ರೆ ಆಸ್ಪತ್ರೆಗೆ ಓಡಬೇಕು, ಮಾತ್ರೆ ಹೆಸರೂ ಡಯಟ್ ವಿಷಯವೂ ಎರಡನ್ನೂ ಅಲ್ಲಿ ಹೇಳಬೇಕು. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರಿಗೆ ಇನ್ನೊಂದು ಅಪಾಯ, ಊಟದಲ್ಲಿ ಕಾರ್ಬ್ಸ್ ಇಲ್ಲದೇ ಹಳೇ ಡೋಸೇ ನಡೀತಿದ್ರೆ ಶುಗರ್ ಧಡ್ ಅಂತ ಕುಸಿಯಬಹುದು.

ನಾನು ಆ ದಿನ ಬೇರೆ ಯಾವ ಮಾತೂ ಮುಂದುವರಿಸ್ಲಿಲ್ಲ. ಇವತ್ತೇ ಡಾಕ್ಟರ್ ಹತ್ರ ಹೋಗಿ, ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಆದ್ರೆ ಪೂರ್ತಿ ಹೇಳಿ ಅಂದೆ. ಕೀಟೋ ಹುಟ್ಟಿದ್ದೇ ಆಸ್ಪತ್ರೇಲಿ ಅಂತಲೂ ಹೇಳಿದೆ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಅನ್ನೋ ಡಾಕ್ಟರ್ ಮೂರ್ಛೆರೋಗಕ್ಕೆ ಅಂತ ಸೂಚಿಸಿದ ಚಿಕಿತ್ಸೆ ಇದು, ಮಕ್ಕಳಿಗೆ ಇವತ್ತಿಗೂ ಡಾಕ್ಟರ್ ಕಣ್ಣೆದುರಿಗೇ ಕೊಡ್ತಾರೆ, ನೀವು ಮಾತ್ರ ಕದ್ದುಮುಚ್ಚಿ ಯಾಕೆ ಮಾಡಬೇಕು? ಹೋದ್ರು. ಡಾಕ್ಟರ್ ಬೈಲಿಲ್ಲವಂತೆ. ಕೀಟೋನ್, ಕಿಡ್ನಿ, ಲಿಪಿಡ್ (ರಕ್ತದ ಕೊಬ್ಬಿನಂಶ) ಟೆಸ್ಟ್ ಮಾಡಿಸಿ, ಆ ಮಾತ್ರೆ ಬದಲಿಸಿ, ಬಿಪಿ ಮಾತ್ರೆ ಡೋಸ್ ಇಳಿಸಿದ್ರು. ತೂಕ ಇಳಿದ ಮೇಲೂ ಹಳೇ ಡೋಸೇ ನಡೀತಿದ್ದದ್ದಕ್ಕೆ ಕೂತು ಎದ್ರೆ ತಲೆ ತಿರುಗ್ತಿತ್ತು.

ಇನ್ನು ಕಾಲಿನ ವಿಷಯ. ಇದನ್ನ ಬಿಡಿಸಿ ಹೇಳಲೇಬೇಕಿತ್ತು, ಯಾಕಂದ್ರೆ ಅವರು ಶಕ್ತಿ ಕಮ್ಮಿಯಾಗಿದ್ದಕ್ಕೆಲ್ಲಾ ವಯಸ್ಸಿನ ಮೇಲೆ ತಪ್ಪು ಹೊರಿಸಿ ತಮ್ಮನ್ನೇ ಶಿಕ್ಷಿಸ್ಕೊಳ್ತಿದ್ರು. ಸ್ನಾಯುವಿನಲ್ಲಿ ಗ್ಲೈಕೋಜನ್ ಅಂತ ಸಕ್ಕರೆ ದಾಸ್ತಾನು ಇರುತ್ತೆ, ಕೀಟೋದಲ್ಲಿ ಅದು ಕಮ್ಮಿಯಾಗಬಹುದು, ದೇಹ ಕೊಬ್ಬನ್ನ ಸುಡೋದನ್ನ ಕಲಿಯುತ್ತೆ. ಕಲಿಯೋದು ನಿಜ, ಅಮೆರಿಕದ ಜೆಫ್ ವೋಲೆಕ್ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತುಂಬಾ ಕಾಲ ಕೀಟೋಲಿದ್ದ ಲಾಂಗ್ ಡಿಸ್ಟೆನ್ಸ್ ಓಟಗಾರರು ನಿಮಿಷಕ್ಕೆ ಗರಿಷ್ಠ ಒಂದೂವರೆ ಗ್ರಾಂ ಕೊಬ್ಬು ಸುಡ್ತಿದ್ರು, ಮಾಮೂಲಿ ಊಟದ ಓಟಗಾರರ ಎರಡು ಪಟ್ಟಿಗಿಂತ ಜಾಸ್ತಿ. ಆದ್ರೆ ಅಷ್ಟೇ ಶಕ್ತಿಗೆ ಕೊಬ್ಬು ಜಾಸ್ತಿ ಆಮ್ಲಜನಕ ಕೇಳುತ್ತೆ. ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ತಂಡ 2017ರಲ್ಲಿ ಪ್ರಕಟಿಸಿದ ರೇಸ್ ವಾಕರ್‌ಗಳ (ವೇಗನಡಿಗೆ ಸ್ಪರ್ಧಿಗಳ) ಅಧ್ಯಯನದಲ್ಲಿ ಇದೇ ಕಂಡಿದ್ದು, ಮೂರು ವಾರ ಟ್ರೈನಿಂಗ್ ಆದ್ಮೇಲೆ ಕಾರ್ಬ್ಸ್ ತಿಂದ ಗುಂಪುಗಳು ರೇಸಲ್ಲಿ ಸುಧಾರಿಸಿದ್ವು, ಕೀಟೋ ಗುಂಪು ಸುಧಾರಿಸ್ಲಿಲ್ಲ. ಅಂದ್ರೆ ಟೇಕ್ಡಿ ಮೇಲೆ ಮಾತಾಡ್ತಾ ನಡೆಯೋಕೆ ಕಾಕಾಗೆ ಏನೂ ತೊಂದರೆ ಇಲ್ಲ, ಗಂಟೆಗಟ್ಟಲೆ ನಡೀತಾರೆ. ಮಾತು ನಿಂತು ಉಸಿರು ಮೇಲೆಕೆಳಗಾಗೋ ಸಿಂಹಗಡದ ಏರಲ್ಲೇ ಕಾಲು ಸಕ್ಕರೆ ಕೇಳುತ್ತೆ, ಅಲ್ಲಿ ಅದು ಸಾಲ್ತಿಲ್ಲ. ಅವರು ಹತ್ತೋಕಾಗದೇ ಇದ್ದಾಗೆಲ್ಲಾ ಅದನ್ನ ಇನ್ನೂ ಕಮ್ಮಿ ಮಾಡ್ತಾ ಹೋಗಿದ್ರು.

ಇದರ ಜೊತೆ ಉಪ್ಪು. ಕಾರ್ಬ್ಸ್ ಇಳಿದಾಗ ಇನ್ಸುಲಿನ್ ಇಳಿಯುತ್ತೆ, ಕಿಡ್ನಿ ಸೋಡಿಯಂ ಹೊರಗೆ ಹಾಕುತ್ತೆ, ನೀರೂ ಅದರ ಜೊತೆ ಹೋಗುತ್ತೆ, ಮೇಲೆ ಬೆವರು. ಬಿಪಿ ಅಂತ ಇವರು ಉಪ್ಪನ್ನೂ ಬಿಟ್ಟಿದ್ರು. ಎಷ್ಟು ಉಪ್ಪು ಅಂತ ಡಾಕ್ಟರ್‌ನ ಕೇಳಿ ಅಂದೆ, ಅವರು ಗಡದ ದಿನ ಉಪ್ಪು ಹಾಕಿದ ನೀರು ಮಜ್ಜಿಗೆ ಒಪ್ಪಿದ್ರು, ಮೀನಖಂಡ ಹಿಡಿಯೋದು ಬಹಳ ಮಟ್ಟಿಗೆ ನಿಂತಿದೆ.

ಕಾಕು ಹೇಳಿದ್ದ "ಕೈಕಾಲು ಸಣ್ಣಗ್ಯಾವ" ಅನ್ನೋದು ನನ್ನ ತಲೇಲಿ ಉಳಿದಿತ್ತು, ಅದು ಬರೀ ಹೆಂಡತಿಯ ಕಳವಳ ಅಲ್ಲ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತೆ, ಅರವತ್ತರ ನಂತರ ಇನ್ನೂ ಬೇಗ. ಆ ವಯಸ್ಸಲ್ಲಿ ತೂಕ ಇಳಿದ್ರೆ ಇಳಿದದ್ದು ಕೊಬ್ಬಾ ಸ್ನಾಯುವಾ ಅಂತ ನೋಡಬೇಕು. ಕಾಕಾ ಸಸ್ಯಾಹಾರಿ, ಮೊಟ್ಟೆನೂ ಇಲ್ಲ, ಡಯಟಿಷಿಯನ್ ಹತ್ರ ಕಳಿಸಿದಾಗ ಲೆಕ್ಕ ಸಿಕ್ತು, ದಿನಕ್ಕೆ ಪ್ರೋಟೀನ್ 45 ಗ್ರಾಂ ಸುತ್ತಮುತ್ತ, ಉಳಿದದ್ದೆಲ್ಲಾ ತುಪ್ಪ ಕೆನೆ. 70 ಕೆಜಿ ಮನುಷ್ಯ, ಗಡ ಹತ್ತೋ ಮನುಷ್ಯ, ಕೆಜಿಗೆ 1.2 ಗ್ರಾಂ ಅಂದ್ರೂ 84 ಬೇಕು. ಕಿಡ್ನಿ ರಿಪೋರ್ಟ್ ಸರಿ ಇದ್ದದ್ದಕ್ಕೆ ಪನೀರ್ 200 ಗ್ರಾಂ, ಸೋಯಾ ಚಂಕ್ಸ್ ಒಣದು 50 ಗ್ರಾಂ, ಮೊಸರು, ಒಂದು ಹಿಡಿ ಶೇಂಗಾ ಅಂತ ಗೊತ್ತುಮಾಡಿದ್ರು. ಲಿಪಿಡ್ ರಿಪೋರ್ಟಲ್ಲಿ ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, ಏರಿತ್ತು, ಕೀಟೋ ಮಾಡೋ ಕೆಲವರಿಗೆ ಹಂಗಾಗುತ್ತೆ, ಅದಕ್ಕೆ ತುಪ್ಪ ಕೆನೆ ಇಳಿಸಿ ಕುಸುಬಿ ಎಣ್ಣೆ, ಅಗಸಿ, ಬಾದಾಮಿ ಕಡೆ ತಿರುಗಿಸಿದ್ರು. ನಾನು ಒತ್ತಿ ಹೇಳಿದ್ದು ವಾರಕ್ಕೆ ಎರಡು ದಿನ ಭಾರದ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರೆಲ್ಲರಿಗೂ ಇದನ್ನೇ ಹೇಳೋದು, ಕಡೇಪಕ್ಷ ಎರಡು ದಿನ, ನಡಿಗೆ ಓಟದ ಜೊತೆಗೆ. ಜೀವನಪೂರ್ತಿ ಆಟ ಆಡಿದ ಗಂಡಸರು ನಡಿಗೆಯೊಂದೇ ಸಾಕು ಅನ್ಕೊಂಡಿರ್ತಾರೆ, ಐವತ್ತು ದಾಟಿದವರಿಗೆ ಅದು ಸಾಲಲ್ಲ. ಕುರ್ಚಿಯಿಂದ ಕೈ ಊರದೇ ಏಳೋದು, ಮೆಟ್ಟಿಲು ಹತ್ತೋದು, ಡಂಬೆಲ್, ಇಷ್ಟರಿಂದ ಶುರುವಾಯ್ತು.

ಇಷ್ಟೆಲ್ಲಾ ಆದ್ರೂ ಕಾರ್ಬ್ಸ್ ಒಂದು ಚೂರು ಏರಿಸೋಕೆ ಒಪ್ತಿರ್ಲಿಲ್ಲ. ಯಾಕೆ ಇಷ್ಟು ಭಯ ಅಂತ ಕೇಳ್ತಾ ಹೋದಾಗ ಅವರ ಅಣ್ಣನ ವಿಷಯ ಬಂತು. ಅಣ್ಣನಿಗೆ ಶುಗರ್‌ನಿಂದ ಗ್ಯಾಂಗ್ರೀನ್ ಆಗಿ ಕಾಲು ತೆಗೆದಿದ್ರು, ಊರಲ್ಲಿ ನೋಡೋರಿಲ್ಲ ಅಂತ ಪುಣೆಗೆ ಕರ್ಕೊಂಡು ಬಂದಿದ್ರು, ಕೊನೇ ವರ್ಷಗಳನ್ನ ಆತ ಇವರ ಮನೆ ಪಡಸಾಲೇಲೇ ಕಳೆದದ್ದು. "ನಮ್ಮಣ್ಣ ಎಂಥಾ ಆಟಗಾರ ಇದ್ದ ಗೊತ್ತೇನ್ರಿ" ಅಂದ್ರು, ಮುಂದೆ ಮಾತು ಬರ್ಲಿಲ್ಲ. ಆ ಪಡಸಾಲೇಲಿ ಅಣ್ಣನ ಗಾಯದ ಡ್ರೆಸ್ಸಿಂಗ್ ಬದಲಿಸ್ತಿದ್ದವರು, ಊಟ ಮಾಡಿಸ್ತಿದ್ದವರು ಕಾಕು.

ಮುಂದಿನ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಕಾಕು ಹೇಳಿದ್ರು, "ಬಾವ ಕಡೀ ದಿನದಾಗ ಊಟಾನೇ ಬಿಟ್ಟಿದ್ರು, ಎಲುಬು ಆಗಿದ್ರು. ಇವರು ತಾಟು ಸರಿಸಿದಾಗೆಲ್ಲಾ ನನಗ ಅದ ನೆನಪಾಗತದ." ಕಾಕಾ ತಿರುಗಿ ಹೆಂಡತಿ ಕಡೆ ನೋಡಿದ್ರು. ಒಬ್ಬರು ಅಣ್ಣನ ಹಾಗೆ ಆಗಬಾರದು ಅಂತ ರೊಟ್ಟಿ ಬಿಟ್ಟಿದ್ರು, ಇನ್ನೊಬ್ಬರು ಅದೇ ಕಾರಣಕ್ಕೆ ರೊಟ್ಟಿ ತಿನ್ನಿ ಅಂತಿದ್ರು, ವರ್ಷದಿಂದ ಇದನ್ನ ಒಬ್ಬರಿಗೊಬ್ಬರು ಹೇಳ್ಕೊಂಡಿರ್ಲಿಲ್ಲ. ಊಟದ ಜಗಳಗಳಲ್ಲಿ ನಾನು ಬಹಳ ಸಲ ನೋಡಿದ್ದು ಇದೇ, ತಾಟಿನ ಮೇಲೆ ಇರೋದಕ್ಕಿಂತ ತಾಟಿನ ಹಿಂದೆ ಇರೋ ಭಯ ದೊಡ್ಡದು, ಅದನ್ನ ಬಾಯಿಬಿಟ್ಟು ಹೇಳದೇ ಕಾರ್ಬ್ಸ್ ಕ್ಯಾಲರಿ ಚರ್ಚೆ ಎಷ್ಟು ಮಾಡಿದ್ರೂ ಮುಗಿಯಲ್ಲ.

ಕೀಟೋ ಬಿಡಿ ಅಂತ ನಾನು ಹೇಳಿಲ್ಲ. ಅದು ಅವರಿಗೆ ಶುಗರ್ ಇಳಿಸ್ಕೊಟ್ಟಿದೆ, ಡಾಕ್ಟರ್ ನೋಡ್ತಿದ್ದಾರೆ. ನಾನು ಕೇಳಿದ್ದು ಒಂದೇ, ಈ ಡಯಟ್ ನಿಮಗೆ ಯಾತಕ್ಕೆ ಬೇಕು ಕಾಕಾ, ತೂಕದ ಮಷಿನ್‌ಗಾ, ಎಪ್ಪತ್ತರಲ್ಲೂ ನಿಮ್ಮ ಕಾಲ ಮೇಲೆ ನಿಲ್ಲೋದಕ್ಕಾ? ಕಾಲಿಗೆ ಅಂದ್ರು. ಹಂಗಾದ್ರೆ ಕಾಲು ಕೇಳೋದನ್ನೂ ಕೊಡಬೇಕಲ್ಲ. ಎರಡು ದಾರಿ ಮುಂದಿಟ್ಟೆ, ಕೀಟೋ ಹಂಗೇ ಇಟ್ಕೊಂಡು ಗಡ ನಿಧಾನವಾಗಿ ಹತ್ತೋದು, ಚಿಕ್ಕವರ ಟೈಮಿಂಗ್ ಜೊತೆ ಲೆಕ್ಕ ಹಾಕದೇ ಇರೋದು, ಇಲ್ಲಾ ಡಾಕ್ಟರ್ ಒಪ್ಪಿಗೆ ತಗೊಂಡು ಭಾನುವಾರ ಮಾತ್ರ ಹತ್ತೋ ಮುಂಚೆ ಸ್ವಲ್ಪ ಕಾರ್ಬ್ಸ್. ಕಾಕು ಬಡಿಯೋ ಒಂದು ಜೋಳದ ರೊಟ್ಟಿಗೆ ಹಿಟ್ಟು 50 ಗ್ರಾಂ, ಅದರಲ್ಲಿ ಕಾರ್ಬ್ಸ್ 35ರ ಹತ್ರ. ಒಂದು ವಾರ ಯೋಚನೆ ಮಾಡಿ ಅರ್ಧ ರೊಟ್ಟಿಗೆ ಒಪ್ಪಿದ್ರು, ಹತ್ತೋ ಮುಂಚೆ, ಹತ್ತಿಳಿದ ಮೇಲೆ ಗ್ಲುಕೋಮೀಟರಲ್ಲಿ ನೋಡಿ ಬರ್ಕೊಳ್ತಾರೆ. ಈಗ ಒಂದು ಪೂರ್ತಿ ತಿಂತಾರೆ, ಶುಗರ್ ಹಿಡಿತದಲ್ಲೇ ಇದೆ.

ಮನೇಲಿ ಇಬ್ಬರೂ ಒಂದೇ ಹೊತ್ತಿಗೆ ಕೂರಬೇಕು ಅಂತ ಆಯ್ತು, ತಾಟಲ್ಲಿ ಏನಿದ್ರೂ ಸರಿ. ಕಾಕು ಪುಂಡಿಪಲ್ಯ, ಮೆಂತ್ಯಪಲ್ಯ ಅವರಿಗೆ ಆಗೋ ಹಾಗೆ ಬೇಳೆ ಬಿಟ್ಟು ಮಾಡ್ತಾರೆ, ಎಣ್ಣೆಗಾಯಿಗೆ ಬೆಲ್ಲ ಹಾಕಲ್ಲ. ನನ್ನನ್ನ ಒಂದ್ ಸಲ ಕೇಳಿದ್ರ ಮೊದಲ ಮಾಡಿಕೊಡ್ತಿದ್ದೆ ಅಂದ್ರು, ಕಾಕಾ ಸುಮ್ಮನೆ ಕೇಳಿಸ್ಕೊಂಡ್ರು.

ಉಪವಾಸದ ವಿಷಯದಲ್ಲಿ ಮಾತ್ರ ಇನ್ನೂ ಒಮ್ಮತ ಇಲ್ಲ. ದಿನಾ ಇದ್ದದ್ದು ಈಗ ಶನಿವಾರಕ್ಕೆ ಬಂದು ನಿಂತಿದೆ, ಆ 16 ತಾಸು ಮಾತ್ರ ಬಿಡಲ್ಲ ಅಂತಾರೆ, ಗಡದ ಹಿಂದಿನ ದಿನ ಅದು ಬೇಡ, ಆ ದಿನವೇ ಪ್ರೋಟೀನ್ ಕಮ್ಮಿ ಬೀಳುತ್ತೆ ಅಂತ ನಾನೂ ಡಯಟಿಷಿಯನ್ನೂ ಹೇಳಿದೀವಿ. ಸದ್ಯಕ್ಕೆ ಬುಧವಾರಕ್ಕೆ ಬದಲಿಸಿ ನೋಡ್ತೀನಿ ಅಂದಿದ್ದಾರೆ, ಎಲ್‌ಡಿಎಲ್ ಟೆಸ್ಟ್ ಇನ್ನೊಂದು ಸಲ ಆಗಬೇಕಿದೆ, ಆ ರಿಪೋರ್ಟ್ ಬಂದ ಮೇಲೆ ಇಬ್ಬರೂ ಬರ್ತಾರೆ.