ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಪ್ರಾಸ್ಟೇಟ್ ನೋವು ಹೋಗಿಲ್ಲ. ಬೇರೆ ಚಿಕಿತ್ಸೆ ಇದೆಯಾ?

ಎಂಟು ತಿಂಗಳಿಂದ ವೃಷಣದ ಹಿಂಭಾಗ ನೋವು, ಮೂತ್ರ ಉರಿ, ಮೂರು ಕೋರ್ಸ್ ಆ್ಯಂಟಿಬಯೋಟಿಕ್ ಮುಗಿಸಿದರೂ ಗುಣವಿಲ್ಲ ಅಂತ ಕೇಳಿದ್ದೀರಿ. ಎರಡು ವರ್ಷ ಇದೇ ನೋವು ತಿಂದವನು ನಾನು. ಕೂರಲೂ ಆಗದು, ಯಾರ ಹತ್ತಿರವೂ ಹೇಳಲಾಗದು. ಆ ಸಂಕಟ ಗೊತ್ತು.

ಮೊದಲು ಮೂತ್ರದ ಕಲ್ಚರ್ ರಿಪೋರ್ಟ್ ನೋಡಿ. ಬ್ಯಾಕ್ಟೀರಿಯಾ ಸಿಕ್ಕಿದ್ದರೆ ಆ್ಯಂಟಿಬಯೋಟಿಕ್ ಬೇಕೇ ಬೇಕು, ಸಾಮಾನ್ಯವಾಗಿ 4ರಿಂದ 6 ವಾರ. ಆದರೆ ದೀರ್ಘಕಾಲದ ಪ್ರಾಸ್ಟೇಟೈಟಿಸ್ (ಪ್ರಾಸ್ಟೇಟ್ ಗ್ರಂಥಿಯ ಉರಿಯೂತ) ಇರುವ 100 ಜನರಲ್ಲಿ 90ಕ್ಕೂ ಜಾಸ್ತಿ ಮಂದಿಗೆ ಸೋಂಕೇ ಕಾಣುವುದಿಲ್ಲ. ನನ್ನ ಕಲ್ಚರ್ ಪ್ರತಿ ಸಲವೂ ನೆಗೆಟಿವ್. ಆದರೂ ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆ್ಯಂಟಿಬಯೋಟಿಕ್ ನುಂಗುತ್ತಲೇ ಇದ್ದೆ. ಆ ಗುಂಪಿನ ಮಾತ್ರೆಗಳಿಂದ ಹಿಮ್ಮಡಿಯ ಸ್ನಾಯುರಜ್ಜಿಗೇ ಪೆಟ್ಟಾಗಬಹುದು. ಸುಮ್ನೆ ನಾಲ್ಕನೇ ಕೋರ್ಸ್ ಶುರು ಮಾಡಬೇಡಿ.

ನನಗೆ ದಾರಿ ತೋರಿಸಿದ್ದು ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ. ಮೂತ್ರಕೋಶ, ಗುದದ್ವಾರವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಇವೆಯಲ್ಲ, ಅವು ನನಗೆ ಸದಾ ಬಿಗಿದೇ ಇರುತ್ತಿದ್ದವು. ಕೋಪ ಬಂದಾಗ ಹಲ್ಲು ಕಚ್ಚುತ್ತೇವಲ್ಲ, ಹಾಗೆ. ಫಿಸಿಯೋ ಗುದದ್ವಾರದ ಒಳಗಿನಿಂದ ಒಂದು ಜಾಗ ಒತ್ತಿದಾಗ ನನ್ನ ಅದೇ ಹಳೇ ನೋವು ಎದ್ದು ಬಂತು. ಅವತ್ತು ಅತ್ತುಬಿಟ್ಟೆ. ನೋವು ನಿಜ ಅಂತ ಮೊದಲ ಸಲ ಯಾರೋ ಕೈಯಿಂದ ಮುಟ್ಟಿ ಹೇಳಿದ ಹಾಗಾಯಿತು. ಅದಕ್ಕೂ ಮುಂಚೆ ವಿಡಿಯೋ ನೋಡಿ ಕೀಗಲ್ ವ್ಯಾಯಾಮ (ಇದೇ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು) ಮಾಡಿ ನೋವು ಹೆಚ್ಚಿಸಿಕೊಂಡಿದ್ದೆ. ಬಿಗಿದ ಸ್ನಾಯುವನ್ನು ಇನ್ನೂ ಬಿಗಿ ಮಾಡಿದರೆ ಹಾಗೇ ಅಲ್ವಾ? ಬೇಕಿದ್ದದ್ದು ಸಡಿಲಿಸುವುದು: ಹೊಟ್ಟೆ ತುಂಬಾ ನಿಧಾನ ಉಸಿರಾಟ, ತೊಡೆಸಂದಿನ ಸ್ಟ್ರೆಚಿಂಗ್, ಬಿಸಿನೀರಿನ ಟಬ್‌ನಲ್ಲಿ ಕೂರುವುದು. ನಾಲ್ಕು ತಿಂಗಳು ಹಿಡಿಯಿತು. ಈ ಕಾಯಿಲೆಗೆ 43 ಅಂಕದ ಒಂದು ಪ್ರಶ್ನಾವಳಿ ಇದೆ, ಅಂಕ ಹೆಚ್ಚಿದಷ್ಟೂ ತೊಂದರೆ ಜಾಸ್ತಿ. 6 ಅಂಕ ಇಳಿದರೂ ಸುಧಾರಣೆ ಎನ್ನುತ್ತಾರೆ. ನನ್ನದು 27ರಿಂದ 11ಕ್ಕೆ ಬಂತು.

ಮೂತ್ರ ಸಣ್ಣಗೆ ಬರುತ್ತಿದ್ದರೆ ಟ್ಯಾಮ್ಸುಲೋಸಿನ್ ಥರದ ಮಾತ್ರೆ ಕೆಲವರಿಗೆ ಸಹಾಯ ಮಾಡುತ್ತದೆ. ನರದ ನೋವಿಗೆ ರಾತ್ರಿ ಕಡಿಮೆ ಡೋಸ್ ಅಮಿಟ್ರಿಪ್ಟಿಲಿನ್ ಕೊಡುವುದುಂಟು. ಎರಡನ್ನೂ ಯೂರಾಲಜಿಸ್ಟ್ ಹೇಳಿದರೆ ಮಾತ್ರ ತಗೊಳ್ಳಿ. ಭಯ, ನಿದ್ದೆಗೇಡು ನೋವನ್ನು ಹೆಚ್ಚಿಸುತ್ತವೆ, ಹಾಗಾಗಿ ಕೌನ್ಸೆಲಿಂಗ್ ಕೂಡ ಚಿಕಿತ್ಸೆಯ ಭಾಗವೇ.

ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಕೂತಾಗ ಅಥವಾ ಟೆನ್ಷನ್ ಆದಾಗ ನಿಮಗೆ ನೋವು ಜಾಸ್ತಿ ಆಗುತ್ತದೆಯಾ? ಆಗುತ್ತಿದ್ದರೆ ಮುಂದಿನ ಸಲ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ.