ಕಾಸರಗೋಡಿನಲ್ಲಿ ಮನೆ ಪರ್ಮಿಟ್ ಎಲ್ಲಿ ಸಿಕ್ಕಿಬೀಳುತ್ತದೆ

ಕಾಸರಗೋಡಿನಲ್ಲಿ ಮನೆ ಕಟ್ಟಲು ಪರ್ಮಿಟ್ ಹೇಗೆ ಪಡೆಯುವುದು ಎಂದು ಕೇಳಿದಿರಿ. ಜಾಗ ಬದಿಯಡ್ಕದ ಕಡೆ, ಮಾವ ಕೊಟ್ಟದ್ದು ಎಂದಿರಿ. ಹಾಗಾದರೆ ಬೆಂಗಳೂರಿನ ಎ ಖಾತಾ, ಬಿ ಖಾತಾ ಲೆಕ್ಕವನ್ನೆಲ್ಲ ಗಡಿಯ ತಲಪಾಡಿ ಗೇಟಿನ ಆಚೆಯೇ ಬಿಟ್ಟು ಬನ್ನಿ. ಇಲ್ಲಿ ನಡೆಯುವುದು 2019ರ ಕೇರಳ ಪಂಚಾಯತ್ ಕಟ್ಟಡ ನಿಯಮ. ಅರ್ಜಿ ಹೋಗುವುದು ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಗೆ. 2024ರಲ್ಲಿ ನಗರಸಭೆಗಳಿಗೆ ಬಂದದ್ದು 2025ರ ಏಪ್ರಿಲಿನಲ್ಲಿ ಪಂಚಾಯತುಗಳಿಗೂ ಬಂತು. ಪ್ಲಾನ್ ಹಾಕುವವರು ಲೈಸೆನ್ಸ್ ಇರುವ ಎಂಜಿನಿಯರ್ ಅಥವಾ ಸೂಪರ್‌ವೈಸರ್.

ಎರಡು ಅಂತಸ್ತಿನೊಳಗೆ, 300 ಚದರ ಮೀಟರಿನೊಳಗಿನ ಮನೆಗೆ ಸ್ವಯಂ ದೃಢೀಕರಣದ ಮೇಲೆಯೇ ಪರ್ಮಿಟ್ ಸಿಗುತ್ತದೆ ಎಂದು ನಿಮಗೆ ಯಾರೋ ಹೇಳಿರಬಹುದು. ಸುಳ್ಳಲ್ಲ. ಆದರೆ ಅದು ಮನೆಯ ಮಾತು. ನಮ್ಮಲ್ಲಿ ಫೈಲು ನಿಲ್ಲುವುದು ಹೆಚ್ಚಾಗಿ ಮನೆಯ ದೆಸೆಯಿಂದಲ್ಲ, ಜಾಗದ ದೆಸೆಯಿಂದ.

ಮಾವನ ತೀರ್ವೆ, ಅಂದರೆ ಭೂಕಂದಾಯದ, ರಶೀದಿ ತೆಗೆದು ನೋಡಿ. ಅಜ್ಜನ ಕಾಲದಲ್ಲೇ ಬೈಲಿಗೆ ಅಡಿಕೆ ಇಟ್ಟಾಗಿದೆ, ಮರಗಳಿಗೆ ಮುಪ್ಪೂ ಬಂದಿದೆ, ಆದರೂ ದಾಖಲೆಯಲ್ಲಿ ಅದು ಇವತ್ತಿಗೂ ‘ನಿಲಂ’, ಅಂದರೆ ಗದ್ದೆ. 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ಹಿಡಿಯುವುದು ಇಲ್ಲೇ. ಜಾಗ ಡೇಟಾ ಬ್ಯಾಂಕಿನಲ್ಲಿ, ಅಂದರೆ ಈ ಕಾಯ್ದೆಯಡಿ ಮಾಡಿದ ಗದ್ದೆಗಳ ಪಟ್ಟಿಯಲ್ಲಿ, ಇದ್ದರೆ ಮೊದಲು ಫಾರ್ಮ್ 5 ಹಾಕಿ ಅದರಿಂದ ತೆಗೆಸಬೇಕು. ಕೃಷಿ ಭವನದ ಆಫೀಸರ್ ಬಂದು ನೋಡುತ್ತಾರೆ. ಕಾಯ್ದೆ ಬಂದ ಹೊತ್ತಿಗೆ ಅಲ್ಲಿ ಏನಿತ್ತೆಂದು ತಿಳಿಯಲು ಉಪಗ್ರಹ ಚಿತ್ರವನ್ನೂ ತರಿಸುವುದುಂಟು. ಹಾಗಾಗಿ ನೀವು ಅಂಗಳದಲ್ಲಿ ನಿಂತು ಮುದಿ ಅಡಿಕೆಮರ ತೋರಿಸಿದರೆ ಅವರಿಗೂ ಸುಲಭ. ಪಟ್ಟಿಯಲ್ಲಿಲ್ಲ, ದಾಖಲೆಯಲ್ಲಿ ಮಾತ್ರ ಗದ್ದೆ ಎಂದಾದರೆ ಆ ದಾಖಲೆ ಬದಲಿಸಲು ಫಾರ್ಮ್ 6. 50 ಸೆಂಟ್ಸ್‌ವರೆಗೆ ಅದೇ ಸಾಕು. ಇದೆಲ್ಲ ಪಂಚಾಯತಿನ ಕೈಯಲ್ಲಿಲ್ಲ, ಕಂದಾಯ ಇಲಾಖೆಯದ್ದು. ಮೆಂಬರನ್ನು ಎಷ್ಟು ಹಿಡಿದರೂ ಆಗುವ ಕೆಲಸವಲ್ಲ. ಆರ್ಡರ್ ಬಂದ ಮೇಲೂ ವಿಲ್ಲೇಜ್ ಆಫೀಸಿನ ದಾಖಲೆ ತಿದ್ದಿಸಿಕೊಳ್ಳದೆ ಸುಮ್ಮನೆ ಕೂತವರು ನಮ್ಮೂರಲ್ಲೇ ಇದ್ದಾರೆ!

ಹಳೆ ದಸ್ತಾವೇಜು ಕನ್ನಡದಲ್ಲಿದ್ದರೆ ಗಾಬರಿ ಬೇಡ. 1956ರ ನವೆಂಬರ್ 1ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆಯವರೇ, ಕಾಗದಗಳೂ ಹಾಗೆಯೇ. ತೆಂಕಣದಿಂದ ವರ್ಗವಾಗಿ ಬಂದ ಆಫೀಸರಿಗೆ ಓದಲು ಬಾರದಿದ್ದರೆ ಮಲಯಾಳ ಅನುವಾದ ಕೇಳಬಹುದು. ಕನ್ನಡದಲ್ಲಿ ಸರಕಾರಕ್ಕೆ ಬರೆಯುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಆದರೆ ಫೈಲಿನ ಮೇಲೆ ಬೀಳುವ ಆಕ್ಷೇಪಣೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಅರ್ಥವಾಗಲಿಲ್ಲವೆಂದು ಬಿಟ್ಟರೆ ಫೈಲು ಅಲ್ಲೇ ಮಲಗುತ್ತದೆ. ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಓದಿಸಿ, ಕೇಳಿದ್ದಕ್ಕಷ್ಟೇ ಉತ್ತರ ಹಾಕಿ.

ಇನ್ನು ತಪಾಸಣೆ. ಮುಖ್ಯವಾದದ್ದು ಮನೆ ಮುಗಿದ ಮೇಲೆ, ಆಕ್ಯುಪೆನ್ಸಿಗೆ, ಅಂದರೆ ವಾಸಕ್ಕೆ ಅನುಮತಿ ಕೇಳಿ, ಅರ್ಜಿ ಹಾಕಿದಾಗ. ಬರುವವರು ಒಳಗಿನ ಟೈಲ್ಸ್ ನೋಡುವುದಿಲ್ಲ. ಟೇಪು ಹಿಡಿದು ರಸ್ತೆಯ ಅಂಚಿನಿಂದ ಅಳೆಯುತ್ತಾರೆ, ನೋಟಿಫೈ ಆದ ರಸ್ತೆಯಾದರೆ 3 ಮೀಟರ್ ಇರಬೇಕು. ಬಾವಿಯಿಂದ ಕಕ್ಕಸಿನ ಇಂಗುಗುಂಡಿಗೆ ಅಳೆಯುತ್ತಾರೆ, ಅದು 7.5 ಮೀಟರ್. ನೆರೆಯವರ ಬಾವಿಯೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಬೇರೆ ಊರಿನಿಂದ ಬಂದವರು ಮರೆತೇಬಿಡುತ್ತಾರೆ. ಆಮೇಲೆ ಪ್ಲಾನಿನ ಜೊತೆ ತಾಳೆ. ಮೇಸ್ತ್ರಿ “ಇಷ್ಟು ಕೆಂಪುಕಲ್ಲು ಉಳಿದಿದೆ, ಕಾರಿಗೊಂದು ಪೋರ್ಚ್ ಎಳೆಯುವ” ಎನ್ನುತ್ತಾನೆ, ನೀವು ಹೂಂ ಎನ್ನುತ್ತೀರಿ. ಆ ಪೋರ್ಚ್ ಪ್ಲಾನಿನಲ್ಲಿಲ್ಲ. ಪ್ಲಾನ್ ತಿದ್ದಿ ಮತ್ತೆ ಹಾಕುವವರೆಗೆ ಮನೆ ನಂಬ್ರ ಸಿಗದು.

ಗುಡ್ಡೆ ತಗ್ಗಿಸಿ ಮಣ್ಣು ಹೊರಗೆ ಸಾಗಿಸುವುದಿದ್ದರೆ ಅದಕ್ಕೆ ಬೇರೆ ಪಾಸು ಬೇಕು, ಅದಿಲ್ಲದೆ ಟಿಪ್ಪರ್ ಕರೆಸಬೇಡಿ.

ಪಂಚಾಯತಿನ ವರ್ಷದ ತೆರಿಗೆಯಲ್ಲದೆ, ಮನೆ 100 ಚದರ ಮೀಟರ್ ದಾಟಿದರೆ ಕಂದಾಯ ಇಲಾಖೆಗೆ ಒಂದೇ ಸಲ ಕಟ್ಟುವ ಕಟ್ಟಡ ತೆರಿಗೆಯೂ ಇದೆ. ಅದಕ್ಕೆ ವಿಲ್ಲೇಜ್ ಆಫೀಸಿನವರು ಮತ್ತೊಮ್ಮೆ ಅಳೆಯಲು ಬರುತ್ತಾರೆ. ಪಂಚಾಯತಿಗೆ ಅಳತೆ ಕೊಟ್ಟಾಗಿದೆಯಲ್ಲ ಎಂದು ಅವರ ಹತ್ತಿರ ವಾದಕ್ಕಿಳಿಯಬೇಡಿ, ಎರಡೂ ಬೇರೆ ಬೇರೆ ಇಲಾಖೆ.